ಮಷೀನು ಬರಲಿಲ್ಲ, ಜಾಹೀರಾತು ಬಂತು

'ಸೂಪರ್ ಡ್ರ್ಯಾಗನ್ ಬಾಲ್ ಹೀರೋಸ್' ನೋಡಿರೋರು ನಮ್ಮ ಕ್ಯಾಂಪಸ್‌ನಲ್ಲಿ ಕಮ್ಮಿ ಏನಿಲ್ಲ. ಗೋಕು ಗೊತ್ತಿರೋ ಸುಮಾರು ಜನಕ್ಕೆ ಇದೂ ಗೊತ್ತು. ಒಂದೊಂದು ಕಂತು ಹೆಚ್ಚುಕಮ್ಮಿ ಎಂಟು ನಿಮಿಷ. ಆರ್ಚ್ ಹತ್ರ ಟ್ರಾಫಿಕ್‌ನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡ್ರೆ ಎರಡು ಕಂತು ಆರಾಮಾಗಿ ಮುಗಿಯುತ್ತೆ. ಆದ್ರೆ ಇದು ಯಾವುದರ ಜಾಹೀರಾತು ಅಂತ ಕೇಳಿದ್ರೆ, "ಜಾಹೀರಾತಾ? ಅದು ಅನಿಮೆ ಅಲ್ವಾ ಮಗಾ?" ಅನ್ನೋ ಉತ್ತರವೇ ಜಾಸ್ತಿ.

ಅನಿಮೆ ಹೌದು, ಜಾಹೀರಾತೂ ಹೌದು. ಜಪಾನಿನ ಮಾಲ್‌ಗಳಲ್ಲಿ, ಗೇಮ್ ಸೆಂಟರ್‌ಗಳಲ್ಲಿ 2010ರಿಂದ ಬಂದಾಯ್ ಕಂಪನಿಯ 'ಡ್ರ್ಯಾಗನ್ ಬಾಲ್ ಹೀರೋಸ್' ಅನ್ನೋ ಮಷೀನು ಇತ್ತು. 100 ಯೆನ್ ನಾಣ್ಯ ಹಾಕಿದ್ರೆ ಒಂದು ಕಾರ್ಡ್ ಬರುತ್ತೆ. ಆ ಕಾರ್ಡ್‌ಗಳನ್ನ ಮಷೀನಿನ ಹಲಗೆ ಮೇಲೆ ಇಟ್ಟು, ಹಿಂದೆ ಮುಂದೆ ಸರಿಸಿ ಆಡಬೇಕು. ಯಾವ ಕಾರ್ಡ್ ಎಲ್ಲಿದೆ ಅಂತ ಮಷೀನು ಓದಿಕೊಳ್ಳುತ್ತೆ. 2016ರಲ್ಲಿ ಹೆಸರಿನ ಮುಂದೆ 'ಸೂಪರ್' ಸೇರಿಕೊಂಡಿತು. ಆ ಆಟದ ಪ್ರಚಾರಕ್ಕೆ ಅಂತ 2018ರ ಜುಲೈನಲ್ಲಿ ಈ ವೆಬ್ ಸರಣಿ ಶುರುವಾಯ್ತು. 50ಕ್ಕೂ ಹೆಚ್ಚು ಕಂತು ಬಂತು. 2024ರಲ್ಲಿ ಹಳೇ ಮಷೀನಿನ ಜಾಗಕ್ಕೆ 'ಡ್ರ್ಯಾಗನ್ ಬಾಲ್ ಸೂಪರ್ ಡೈವರ್ಸ್' ಅನ್ನೋ ಹೊಸ ಮಷೀನು ಬಂದಾಗ, ಅದೇ ವರ್ಷ ಸರಣಿಯೂ ಮುಗೀತು. ಸರಕಿನ ಆಯಸ್ಸೇ ಕಥೆಯ ಆಯಸ್ಸು.

ಬೆಂಗಳೂರಿನ ಮಾಲ್‌ಗಳ ಗೇಮ್ ಝೋನ್‌ನಲ್ಲಿ ನಾವು ಬೈಕ್ ರೇಸ್ ನೋಡಿದ್ದೀವಿ, ಬಾಸ್ಕೆಟ್‌ಬಾಲ್ ನೋಡಿದ್ದೀವಿ. ಈ ಮಷೀನು ಒಂದನ್ನೂ ನೋಡಿಲ್ಲ. 2019ರಲ್ಲಿ ಇದರದ್ದೇ ಒಂದು ರೂಪ 'ವರ್ಲ್ಡ್ ಮಿಷನ್' ಅಂತ ಕಂಪ್ಯೂಟರ್‌ಗೆ, ಸ್ವಿಚ್‌ಗೆ ಬಂತು ನಿಜ. ಆದ್ರೆ ಸರಣಿ ನೋಡಿದ ಎಷ್ಟು ಜನ ಅದನ್ನ ಆಡಿದ್ದಾರೆ? ನಾವು ನೋಡಿದ್ದು ಹೋಟೆಲೇ ಇಲ್ಲದ ಊರಲ್ಲಿ ಮೆನು ಕಾರ್ಡ್ ಓದಿದ ಹಾಗೆ. ಹಾಗಾಗಿ ನಮ್ಮ ಪಾಲಿಗೆ ಉಳಿದದ್ದು ಕಥೆ ಮಾತ್ರ. ಅದೇ ಕಾರಣಕ್ಕೆ ಆ ಕಥೆಯನ್ನ ತೂಕ ಹಾಕೋಕೆ ನಾವೇ ಸರಿಯಾದ ಜನ ಅಂತ ನಮ್ಮ ಅನಿಸಿಕೆ.

ತೂಕಕ್ಕಿಟ್ಟರೆ ಏನು ಸಿಗುತ್ತೆ? ಮೊದಲ ಕಂತಲ್ಲೇ ಗೋಕುಗೂ ಬೇರೆ ಲೋಕದ ಇನ್ನೊಬ್ಬ ಗೋಕುಗೂ ಫೈಟು. ಒಬ್ಬ ನೀಲಿ ಕೂದಲಿನ ರೂಪ, ಇನ್ನೊಬ್ಬ ಸೂಪರ್ ಸೈಯನ್ 4 ರೂಪ. ಯಾಕೆ ಹೊಡೆದಾಡ್ತಾರೆ ಅನ್ನೋದಕ್ಕೆ ಗಟ್ಟಿ ಕಾರಣ ಬೇಕಿಲ್ಲ, ಇಬ್ಬರೂ ಒಂದೇ ಫ್ರೇಮ್‌ನಲ್ಲಿ ಇದ್ದರೆ ಸಾಕು. ಆಮೇಲೆ ಕಂಬರ್ ಬರ್ತಾನೆ, ಇನ್ನೊಬ್ಬ ಬರ್ತಾನೆ, ಮತ್ತೊಬ್ಬ ಬರ್ತಾನೆ. ಯಾರಿಗೂ ಮನೆ ಇಲ್ಲ, ಹಸಿವಿಲ್ಲ, ಭಯ ಇಲ್ಲ. ಕೈಯಲ್ಲಿ ಕಾರ್ಡ್ ಹಿಡಿದಿರೋ ಜಪಾನಿನ ಹುಡುಗನಿಗೆ ಇದು ಸಾಕು, ಯಾಕಂದ್ರೆ ಉಳಿದದ್ದನ್ನ ಅವನು ಮಷೀನಿನ ಮುಂದೆ ನಿಂತು ತಾನೇ ಆಡಿಕೊಳ್ತಾನೆ. ನಮ್ಮ ಕೈ ಖಾಲಿ. ನಮಗೆ ಬರೀ ಬೆಳಕು, ಶಬ್ದ.

ಇಷ್ಟಕ್ಕೇ "ಜಾಹೀರಾತು ಅಂದ್ಮೇಲೆ ಇಷ್ಟೇ ಕಣೋ" ಅಂತ ಮುಗಿಸಿಬಿಡಬಹುದು. ಆದ್ರೆ ನಾವು ಅದನ್ನ ಒಪ್ಪಲ್ಲ. 'ಪೋಕೆಮಾನ್: ಟ್ವೈಲೈಟ್ ವಿಂಗ್ಸ್' ನೋಡಿ. ಇದೂ ಪ್ರಚಾರವೇ. 2019ರ ನವೆಂಬರ್‌ನಲ್ಲಿ 'ಸ್ವೋರ್ಡ್' ಮತ್ತು 'ಶೀಲ್ಡ್' ಗೇಮ್ ಬಂದವು. 2020ರ ಜನವರಿಯಿಂದ ಆಗಸ್ಟ್‌ವರೆಗೆ ಏಳು ಪುಟ್ಟ ಕಂತು ಯೂಟ್ಯೂಬ್‌ನಲ್ಲಿ ಪುಕ್ಕಟೆ ಬಂದವು. ಮಾಡಿದ್ದು ಸ್ಟುಡಿಯೋ ಕೊಲೊರಿಡೋ. ಮೊದಲ ಕಂತಿನ ಹುಡುಗ ಜಾನ್ ಆಸ್ಪತ್ರೆಯಲ್ಲಿದ್ದಾನೆ. ಚಾಂಪಿಯನ್ ಆಡೋದನ್ನ ಕಣ್ಣಾರೆ ನೋಡಬೇಕು ಅನ್ನೋದು ಅವನ ಆಸೆ, ಅದಕ್ಕೆ ಒಂದು ಕಾಗದ ಬರೀತಾನೆ. ಇನ್ನೊಂದು ಕಂತಿನಲ್ಲಿ ನೆಸ್ಸಾ ಅನ್ನೋ ಹುಡುಗಿ ಮಾಡೆಲಿಂಗ್ ಕೆಲಸಕ್ಕೂ ತನ್ನ ಜಿಮ್‌ನ ಜವಾಬ್ದಾರಿಗೂ ನಡುವೆ ಒದ್ದಾಡ್ತಾಳೆ. ಇಂಟರ್ನಲ್ಸ್ ಮತ್ತು ಫೆಸ್ಟ್ ಕೆಲಸ ಒಂದೇ ವಾರ ಬಂದಾಗ ನಾವು ಒದ್ದಾಡೋದೂ ಹೀಗೇ ಅಲ್ವಾ? ಗೇಮ್ ಮುಟ್ಟದೇ ಇರೋರಿಗೂ ಇದು ಅರ್ಥ ಆಗುತ್ತೆ.

'ಸೈಬರ್‌ಪಂಕ್: ಎಡ್ಜ್‌ರನ್ನರ್ಸ್' ಇನ್ನೊಂದು ಉದಾಹರಣೆ. 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 'ಸೈಬರ್‌ಪಂಕ್ 2077' ಗೇಮ್‌ನಲ್ಲಿ ಎಷ್ಟು ಬಗ್ ಇತ್ತಂದ್ರೆ ಸೋನಿ ಅದನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ಕೆಲವು ತಿಂಗಳು ತೆಗೆದೇಬಿಟ್ಟಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಸ್ಟುಡಿಯೋ ಟ್ರಿಗರ್ ಮಾಡಿದ ಹತ್ತು ಕಂತಿನ ಸರಣಿ ನೆಟ್‌ಫ್ಲಿಕ್ಸ್‌ಗೆ ಬಂತು. ಜನ ಅತ್ತುಕೊಂಡು ನೋಡಿದ್ರು, ನೋಡಿದವರು ಗೇಮ್‌ಗೆ ವಾಪಸ್ ಬಂದ್ರು. ಒಂದೊಂದು ದಿನಕ್ಕೆ ಹತ್ತು ಲಕ್ಷ ಜನ ಆಡ್ತಿದ್ದಾರೆ ಅಂತ ಕಂಪನಿಯೇ ಆ ತಿಂಗಳು ಹೇಳಿಕೊಂಡಿತು. ಕಥೆ ಗಟ್ಟಿಯಾಗಿದ್ರೆ ವ್ಯಾಪಾರಕ್ಕೂ ನಷ್ಟ ಇಲ್ಲ.

ಹಾಗಾಗಿ ನಮ್ಮ ಅಳತೆ ಸಿಂಪಲ್. ಗೇಮ್‌ನ ಪ್ಲಗ್ ಕಿತ್ತುಬಿಡಿ. ಆಮೇಲೂ ಸರಣಿ ಓಡುತ್ತಾ? ಓಡಿದ್ರೆ ಅದು ಕಥೆ. ನಿಂತ್ರೆ ಅದು ಬರೀ ಪೋಸ್ಟರ್.

ಈಗ ಕನ್ನಡದ ವಿಷಯಕ್ಕೆ ಬರೋಣ. ಪ್ರತಿ ಜಾಹೀರಾತೂ ಯಾರನ್ನೋ ಕರೀತಿರುತ್ತೆ. ಯಾರು ಗಿರಾಕಿ ಅಂತ ಲೆಕ್ಕ ಹಾಕಿಯೇ ಅದು ಭಾಷೆ ಆರಿಸಿಕೊಳ್ಳೋದು. ಕ್ರಂಚಿರೋಲ್‌ನಲ್ಲಿ ಹಿಂದಿ, ತಮಿಳು, ತೆಲುಗು ಡಬ್ ಸಿಗುತ್ತೆ. 2025ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಥಿಯೇಟರಿಗೆ ಬಂದಾಗಲೂ ಜಪಾನೀಸ್, ಇಂಗ್ಲಿಷ್ ಜೊತೆ ಇದೇ ಮೂರು ಭಾಷೆ. ಕನ್ನಡ ಇರಲಿಲ್ಲ. ಬೆಂಗಳೂರಿನ ಥಿಯೇಟರ್ ತುಂಬಿಸೋಕೆ ನಾವು ಬೇಕು, ಕರೆಯೋಕೆ ನಮ್ಮ ಭಾಷೆ ಬೇಡ.

ಇದರಲ್ಲಿ ತಪ್ಪೆಲ್ಲ ಹೊರಗಿನವರದ್ದೇ ಅನ್ನೋಕಾಗಲ್ಲ. 1960ರ ದಶಕದಿಂದ ಕನ್ನಡಕ್ಕೆ ಡಬ್ ಮಾಡೋದನ್ನ ಇಲ್ಲಿನ ಚಿತ್ರರಂಗವೇ ತಡೆದಿತ್ತು. ಆಗ ಕನ್ನಡ ಸಿನಿಮಾ ಉಳಿಯಬೇಕು, ಇಲ್ಲಿನ ಕಲಾವಿದರಿಗೆ ಕೆಲಸ ಸಿಗಬೇಕು ಅನ್ನೋ ಕಾರಣ ಇತ್ತು, ಅದನ್ನ ನಾವು ಹಗುರವಾಗಿ ನೋಡಲ್ಲ. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡಿದ್ವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದರ ವಿರುದ್ಧ ಆದೇಶ ಕೊಟ್ಟು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡವನ್ನೂ ಹಾಕಿತು. ಬಾಗಿಲು ತೆಗೆದು ಇಷ್ಟು ವರ್ಷ ಆಯ್ತು. ಆದ್ರೂ ಅನಿಮೆ ಹೆಚ್ಚಾಗಿ ಒಳಗೆ ಬಂದಿಲ್ಲ ಅಂದ್ರೆ, "ಬನ್ನಿ" ಅನ್ನೋ ದನಿ ಸಾಲದು ಅಂತ ಅರ್ಥ.

"ನಮಗೆ ಇಂಗ್ಲಿಷ್ ಸಬ್‌ಟೈಟಲ್ ಅರ್ಥ ಆಗುತ್ತಲ್ಲ, ಕನ್ನಡ ಯಾಕೆ?" ಅಂತ ಕೇಳೋರು ಇದ್ದಾರೆ. ನಾವೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿ ಬಂದವರು, ಪ್ರಶ್ನೆ ಅರ್ಥ ಆಗುತ್ತೆ. ಆದ್ರೆ ಹಾಸ್ಟೆಲ್‌ನಲ್ಲಿ ರಾತ್ರಿ ಬಿಜಿಎಂಐ ಆಡೋವಾಗ ಕಿವಿ ಕೊಟ್ಟು ಕೇಳಿ. ಸ್ಕ್ರೀನ್ ಮೇಲೆ ಎಲ್ಲ ಇಂಗ್ಲಿಷ್. ರೂಮಲ್ಲಿ? "ಲೋ, ಎಡಗಡೆ ಮನೇಲಿ ಒಬ್ಬ ಇದ್ದಾನೆ!" "ಹಿಂದೆ ನೋಡೋ!" "ಅಯ್ಯೋ, ಹೋಯ್ತು ಮಗಾ!" ಎದೆ ಡವಡವ ಅನ್ನೋವಾಗ ಬಾಯಿಗೆ ಬರೋದು ಕನ್ನಡವೇ. ಫೈಟು, ಭಯ, ಗೆಲುವು ಇವಕ್ಕೆಲ್ಲ ಕನ್ನಡದಲ್ಲಿ ಡೈಲಾಗ್ ಸಿದ್ಧವಾಗಿಯೇ ಇದೆ. ಬರೆದುಕೊಳ್ಳೋರು ಇಲ್ಲ ಅಷ್ಟೇ.

ಕೇಳಿದ್ರೆ ಆಗುತ್ತೆ ಅನ್ನೋದಕ್ಕೆ ನಮ್ಮ ಊರಲ್ಲೇ ಸಾಕ್ಷಿ ಇದೆ. ಅಮರ ಚಿತ್ರ ಕಥೆ ಶುರುವಾದಾಗ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ. ಅವು ವಿದೇಶದ ಮಕ್ಕಳ ಕಥೆಗಳು. ಅದಕ್ಕೇ ಇಂಗ್ಲಿಷ್ ಪುಸ್ತಕಗಳ ಸಂಖ್ಯೆ 11ರಿಂದ ಶುರು. ಇದರ ಹಿಂದೆ ಪುಸ್ತಕ ಮಾರಾಟದಲ್ಲಿದ್ದ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಒತ್ತಾಸೆ ಇತ್ತು. ದೊಡ್ಡ ಕಂಪನಿಗೆ ಒಬ್ಬರು ಹೋಗಿ "ಕನ್ನಡದಲ್ಲಿ ಮಾಡಿ, ಓದೋರಿದ್ದಾರೆ" ಅಂದ್ರು.

ಈಗ ನಾವೇನು ಮಾಡಬಹುದು? ಬೇರೆಯವರ ಯೂಟ್ಯೂಬ್ ವಿಡಿಯೋಗೆ ನೋಡುಗರೇ ಸಬ್‌ಟೈಟಲ್ ಸೇರಿಸೋ ಸೌಲಭ್ಯ 2020ರ ಸೆಪ್ಟೆಂಬರ್‌ನಲ್ಲೇ ನಿಂತುಹೋಯ್ತು, ಆ ದಾರಿ ಇಲ್ಲ. ಉಳಿದಿರೋದು ಎರಡು. ಒಂದು, ಇಷ್ಟಪಟ್ಟು ನೋಡಿದ ಪ್ರತಿ ಸರಣಿಗೂ ಕನ್ನಡ ಬೇಕು ಅಂತ ಕಂಪನಿಗೆ ಬರೆಯೋದು. ಅದೂ ಕನ್ನಡದಲ್ಲೇ. ಒಬ್ಬರು ಬರೆದ್ರೆ ಕಸದ ಬುಟ್ಟಿಗೆ ಹೋಗಬಹುದು, ನೂರು ಜನ ಬರೆದ್ರೆ ಅವರ ಲೆಕ್ಕದ ಶೀಟಿಗೆ ಹೋಗುತ್ತೆ.

ಎರಡನೇದು ನಮಗೆ ಇನ್ನೂ ಇಷ್ಟ. ನಮ್ಮಲ್ಲಿ ಎಷ್ಟೋ ಜನ ಮಿನಿ ಪ್ರಾಜೆಕ್ಟ್‌ಗೆ ಯೂನಿಟಿಯಲ್ಲಿ ಗೇಮ್ ಮಾಡ್ತಾರೆ. ಡೆಮೋ ದಿನ ಅದನ್ನ ತೋರಿಸಿ, ಮಾರ್ಕ್ಸ್ ತಗೊಂಡು, ಫೋಲ್ಡರ್ ಮರೆತುಬಿಡ್ತಾರೆ. ಈ ಸಲ ಅದರ ಜೊತೆ ಮೂರು ನಿಮಿಷದ ಕಥೆಯೊಂದನ್ನ ಕನ್ನಡದಲ್ಲಿ ಮಾಡಿ. ಅನಿಮೇಷನ್ ಬರದಿದ್ರೆ ಹತ್ತು ಚಿತ್ರ, ಎರಡು ದನಿ ಸಾಕು. ನಿಮ್ಮ ಹೀರೋ ಪಟ್ಟಣಗೆರೆಯಲ್ಲಿ ಮೆಟ್ರೋ ಹತ್ತಲಿ, ಅಮ್ಮನಿಗೆ ಸುಳ್ಳು ಹೇಳಿ ಬಂದಿರಲಿ, ಸೋತಾಗ ಕನ್ನಡದಲ್ಲಿ ಬೈಕೊಳ್ಳಲಿ. ಆಮೇಲೆ ಗೇಮ್ ಆಡದವರೊಬ್ಬರಿಗೆ ಅದನ್ನ ತೋರಿಸಿ. "ಮುಂದೇನಾಯ್ತು?" ಅಂತ ಅವರು ಕೇಳಿದ್ರೆ, ನೀವು ಪಾಸ್.