ಒಂದು ಪಟ್ಟಿ ತಾನೆ!

"ಒಂದು ಪಟ್ಟಿ ತಾನೆ, ಅದಕ್ಕೂ ಬೇರೆ ದುಡ್ಡೇ?" ಚುಂಚನಕಟ್ಟೆಯಲ್ಲಿ ಜಗಲಿಯ ಮೇಲೆ ಯಂತ್ರ ಇಟ್ಟುಕೊಂಡು ಹೊಲಿಯುವ ಹೆಣ್ಣುಮಕ್ಕಳ ಕಿವಿಗೆ, ಜಾತ್ರೆ ಹತ್ತಿರ ಬಂತೆಂದರೆ ದಿನಕ್ಕೆ ಹತ್ತು ಸಲ ಬೀಳುವ ಮಾತಿದು. ಆಡುವವರು ಗಂಡಸರಲ್ಲ, ನಾವೇ. ಸಂಕ್ರಾಂತಿಯ ಆಸುಪಾಸಿಗೆ ಕೋದಂಡರಾಮನ ತೇರು, ದನಗಳ ಜಾತ್ರೆ. ಅಷ್ಟರೊಳಗೆ ಮಗಳಿಗೆ ಲಂಗ, ನಮಗೆ ರವಿಕೆ ಆಗಬೇಕು. ಹಸಿರು ರವಿಕೆಗೆ ಕೆಂಪು ಪೈಪಿಂಗ್ ಇರಲೇಬೇಕು. ಆದರೆ ಅದು ಪುಕ್ಕಟೆ ಆಗಬೇಕು!

ಆ ಪಟ್ಟಿ ಹೇಗೆ ಹುಟ್ಟುತ್ತದೆಂದು ಒಮ್ಮೆಯಾದರೂ ಯೋಚಿಸಿದ್ದೇವೆಯೆ? ಬಟ್ಟೆಯನ್ನು ನೂಲಿನ ನೇರಕ್ಕೆ ಕತ್ತರಿಸಿದರೆ ಅದು ಹಿಗ್ಗುವುದಿಲ್ಲ. ಕೊರಳಿನ ಸುತ್ತ ಕೂರಿಸಿದರೆ ಸುಕ್ಕುಗಟ್ಟಿ ನಿಲ್ಲುತ್ತದೆ. ಹಾಸು, ಹೊಕ್ಕು ಎರಡಕ್ಕೂ ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿದರೆ ಅದೇ ಬಟ್ಟೆ ಕೈ ಎಳೆದಂತೆ ಬಾಗುತ್ತದೆ. ತರಗತಿಯಲ್ಲಿ ನಾನು ಮಕ್ಕಳಿಂದ ಮಾಡಿಸುವ ಲೆಕ್ಕವೇ ಇದು: 10 ಅಂಗುಲದ ಚೌಕದ ಕರ್ಣ 14 ಅಂಗುಲಕ್ಕೆ ತುಸು ಹೆಚ್ಚು. ಕೊರಳಿಗೆ 30 ಅಂಗುಲ ಪಟ್ಟಿ ಬೇಕೆಂದರೆ ಆ ಚೌಕದಲ್ಲಿ ಕನಿಷ್ಠ ಮೂರು ತುಂಡು ಕತ್ತರಿಸಬೇಕು, ಎರಡು ಕಡೆ ಜೋಡಿಸಬೇಕು. ಜೋಡಣೆಯೂ ಓರೆಯಾಗಿರಬೇಕು. ಇಲ್ಲದಿದ್ದರೆ ಅಲ್ಲಿ ಗಂಟಿನಂತೆ ಉಬ್ಬುತ್ತದೆ. ಕೆಂಪು ಹತ್ತಿ ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ನೋಡದಿದ್ದರೆ, ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ರವಿಕೆ ಕೆಡಬಹುದು.

ಇನ್ನೊಂದು ಮಾತು. ರವಿಕೆಯ ಬಣ್ಣದ್ದೇ ಪಟ್ಟಿಯಾದರೆ ಹೊಲಿಗೆ ಒಂದೆಳೆ ಆಚೀಚೆ ಸರಿದರೂ ಯಾರಿಗೂ ಕಾಣದು. ಬೇರೆ ಬಣ್ಣದ ಪಟ್ಟಿ ಚಾಡಿಕೋರನಿದ್ದಂತೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಯಿತೋ, ಮೂರು ಮಾರು ದೂರದಿಂದಲೇ ಹೇಳಿಬಿಡುತ್ತದೆ. ಹಾಗಾಗಿ ಇಡೀ ರವಿಕೆಯಲ್ಲಿ ಕೈಗೆ ಹೆಚ್ಚು ಪರೀಕ್ಷೆ ಇರುವ ಕೆಲಸ ಇದು. ಅದಕ್ಕೇ ನಾವು ಬೆಲೆ ಕಟ್ಟುವುದಿಲ್ಲ.

"ಅಂಗಡಿಯಲ್ಲಿ ಪೈಪಿಂಗ್ ಇರುವ ರೆಡಿಮೇಡ್ ಇದಕ್ಕಿಂತ ಅಗ್ಗ" ಎನ್ನುವವರಿದ್ದಾರೆ. ಇರಬಹುದು. ಅದನ್ನು ಹೊಲಿದವಳೂ ಬೆಂಗಳೂರಿನ ಯಾವುದೋ ಗಾರ್ಮೆಂಟ್ಸಿನ ಹೆಣ್ಣುಮಗಳೇ ಆಗಿದ್ದಾಳು. ಅವಳಿಗೆ ಕಡಿಮೆ ಕೊಟ್ಟರೆಂಬುದು ಇವಳಿಗೂ ಕಡಿಮೆ ಕೊಡಲು ಕಾರಣವೆ? ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿದ್ದನ್ನು ಹೊಗಳುತ್ತೇವೆ, ಬೇರೆ ಬಣ್ಣದ ಅಂಚು ನೋಡಿ ಮರುಳಾಗುತ್ತೇವೆ, ಅಂಗಡಿಯವನು ಹೇಳಿದಷ್ಟು ಎಣಿಸುತ್ತೇವೆ. ನಮ್ಮ ಬೀದಿಯವಳು ಅಂಚು ಕಟ್ಟಿಕೊಟ್ಟರೆ ಮಾತ್ರ ಚೌಕಾಸಿ.

ಹೆಣ್ಣುಮಕ್ಕಳು ಹೊಲಿಗೆ ಕಲಿತು ತಮ್ಮ ಕಾಲ ಮೇಲೆ ನಿಲ್ಲಬೇಕೆಂದು ಮಹಿಳಾ ಸಮಾಜದಲ್ಲಿ ಭಾಷಣ ಮಾಡುವವರು ನಾವು. ನಿಂತವಳ ಕೂಲಿ ಕಡಿದು ಕಾಲೆಳೆಯುವವರೂ ನಾವೇ. ಇನ್ನು ಮುಂದೆ ಬಟ್ಟೆ ಕೊಡುವಾಗಲೇ "ಪೈಪಿಂಗಿಗೆ ಎಷ್ಟಮ್ಮಾ?" ಎಂದು ಕೇಳೋಣ. ಹೇಳಿದ್ದನ್ನು ಕೊಡೋಣ. ಕೊಡಲು ಮನಸ್ಸಿಲ್ಲವೆ? ಮಡಚಿ ಹೊಲಿದ ಬರಿಯ ಅಂಚಿನ ರವಿಕೆಯಲ್ಲೇ ತೇರು ನೋಡೋಣ. ರಾಮನೇನೂ ಬೇಡವೆನ್ನುವುದಿಲ್ಲ.