ಆರು ವರ್ಷಕ್ಕೇ ಫಲ ಕೇಳಿದವರಿಗೆ

ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿಗೆ ಮತ್ತೆ ವ್ಯವಸ್ಥಿತ ಕ್ರೀಡಾ ತರಬೇತಿ ಸಿಗಬೇಕು ಎಂಬ ಮಾತು ಎದ್ದಾಗಲೆಲ್ಲ ಯಲ್ಲಾಪುರದಿಂದ ಶಿರಸಿಯವರೆಗೆ ಕೇಳಿಬರುವ ಉತ್ತರ ಒಂದೇ: ‘ಅದನ್ನೆಲ್ಲ ಒಮ್ಮೆ ಮಾಡಿ ನೋಡಿ ಆಗಿದೆ, ಏನೂ ಉಪಯೋಗವಾಗಲಿಲ್ಲ.’ ಮಾಡಿ ನೋಡಿದ್ದು ನಿಜ. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಕಾಲ. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಕೇರಿಗಳಿಂದ ಹುಡುಗ ಹುಡುಗಿಯರನ್ನು ಆರಿಸಿ ವಸತಿ ತರಬೇತಿಗೆ ಕರೆದೊಯ್ದಿತು. 1993ರ ಹೊತ್ತಿಗೆ ಕೈಬಿಟ್ಟಿತು. ಆ ಆರು ವರ್ಷಗಳ ಬಗ್ಗೆ ನಮ್ಮಲ್ಲಿ ಓಡಾಡುವ ಆರೋಪಗಳನ್ನು ಕೇಳಿ ಕೇಳಿ ಸಾಕಾಗಿದೆ. ಒಂದೊಂದಾಗಿಯೇ ಎತ್ತಿಕೊಳ್ಳೋಣ.

‘ಅಷ್ಟು ಖರ್ಚು ಮಾಡಿದರೂ ಒಂದು ಒಲಿಂಪಿಕ್ಸ್ ಪದಕ ಬರಲಿಲ್ಲ’ ಎಂಬುದು ಎಲ್ಲರ ಬಾಯಲ್ಲಿರುವ ಮೊದಲ ಮಾತು. ಬರಲಿಲ್ಲ, ಒಪ್ಪಿದೆ. ಆದರೆ 1988ರ ಸೋಲ್‌ನಿಂದಲೂ 1992ರ ಬಾರ್ಸಿಲೋನಾದಿಂದಲೂ ಇಡೀ ಭಾರತವೇ ಬರಿಗೈಯಲ್ಲಿ ಹಿಂತಿರುಗಿತ್ತಲ್ಲ! ಕೋಟಿಗಟ್ಟಲೆ ಜನರಿರುವ ದೇಶದ ಸೊನ್ನೆಯನ್ನು ಕ್ಷಮಿಸಿದವರು ರಾಜ್ಯದಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿರುವ ಸಮುದಾಯದ ಮುಂದೆ ಮಾತ್ರ ಲೆಕ್ಕದ ಪುಸ್ತಕ ಬಿಚ್ಚುತ್ತಾರೆ. ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ಸ್ ಚಿನ್ನ ಬಂದದ್ದು 2021ರಲ್ಲಿ, ನೀರಜ್ ಚೋಪ್ರಾ ಭರ್ಜಿ ಎಸೆದಾಗ.

ಇನ್ನೊಂದು ಸಂಗತಿಯನ್ನು ಈ ಟೀಕಾಕಾರರು ಎತ್ತುವುದೇ ಇಲ್ಲ. ಇದೇ ವಿಶೇಷ ಪ್ರದೇಶ ಯೋಜನೆ ಬೇರೆ ಕಡೆ ಫಲ ಕೊಟ್ಟಿದೆ. ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ ಇದರ ಮೂಲಕವೇ ಬಿಲ್ಲುಗಾರನಾಗಿ 1992ರಲ್ಲಿ ವಿಶ್ವದಾಖಲೆ ಸರಿಗಟ್ಟಿದ. ಮಣಿಪುರದ ಡಿಂಗ್ಕೊ ಸಿಂಗ್ ಇದೇ ಯೋಜನೆಯಲ್ಲಿ ಬಾಕ್ಸಿಂಗ್ ಕಲಿತು 1989ರಲ್ಲಿ ಸಬ್ ಜೂನಿಯರ್ ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು 1998ರಲ್ಲಿ. ನಡುವೆ ಒಂಬತ್ತು ವರ್ಷ! ಡಿಂಗ್ಕೊನನ್ನೂ 1993ರಲ್ಲೇ ‘ಸಾಕು, ಮನೆಗೆ ಹೋಗು’ ಎಂದಿದ್ದರೆ ಅವನ ಹೆಸರೂ ವಿಫಲರ ಪಟ್ಟಿಯಲ್ಲೇ ಇರುತ್ತಿತ್ತು. ಅಡಿಕೆ ಸಸಿ ನೆಟ್ಟು ಆರು ವರ್ಷ ನೀರು ಗೊಬ್ಬರ ಹಾಕಿ, ಮೊದಲ ಸಿಂಗಾರ ಒಡೆಯುವ ಹೊತ್ತಿಗೆ ಬುಡಕ್ಕೆ ಕತ್ತಿ ಹಾಕುವವನನ್ನು ನಮ್ಮ ತೋಟದವರು ಏನೆಂದು ಕರೆಯುತ್ತಾರೋ ಅದನ್ನೇ ಆ ನಿರ್ಧಾರ ತೆಗೆದುಕೊಂಡವರಿಗೂ ಹೇಳಬೇಕು. ಸಿಂಗಾರ ಕಾಣಿಸಿಯೂ ಇತ್ತು. ಕಮಲಾ ಸಿದ್ದಿ ಹರ್ಡಲ್ಸ್, ಹೆಪ್ಟಾಥ್ಲಾನ್‌ಗಳಲ್ಲಿ, ಜೂಜೆ ಜಾಕಿ ಹರ್ನೋಡ್ಕರ್ ಕಡಿಮೆ ದೂರದ ಓಟದಲ್ಲಿ ದೇಶದ ಮಟ್ಟಕ್ಕೆ ಏರಿದ್ದು ಈ ಆರು ವರ್ಷಗಳ ತರಬೇತಿಯಿಂದಲೇ.

ಎರಡನೆಯ ಆರೋಪ ಹೊಗಳಿಕೆಯ ವೇಷ ಹಾಕಿಕೊಂಡು ಬರುತ್ತದೆ. ‘ಅವರ ರಕ್ತದಲ್ಲೇ ಓಟ ಇದೆ. ಆಫ್ರಿಕಾ ಮೂಲದವರಾಗಿಯೂ ಗೆಲ್ಲಲಿಲ್ಲ ಎಂದರೆ ಮೈಗಳ್ಳತನವಲ್ಲದೆ ಮತ್ತೇನು?’ ಈ ಮಾತು ಟೀಕಾಕಾರರದ್ದಷ್ಟೇ ಅಲ್ಲ, ಯೋಜನೆ ರೂಪಿಸಿದವರ ತಲೆಯಲ್ಲೂ ಇದೇ ಇತ್ತು. ನನ್ನ ಪ್ರಕಾರ ಯೋಜನೆಯ ನಿಜವಾದ ದೋಷ ಇದು. ಆಫ್ರಿಕಾ ಎಂದರೆ ಒಂದು ಊರಲ್ಲ. ದೂರದ ಓಟದಲ್ಲಿ ಹೆಸರಾದ ಕೆನ್ಯಾದವರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ನಾಡಿನವರು. ನೂರು ಮೀಟರಿನ ಜಮೈಕಾದವರ ಪೂರ್ವಜರು ಬಹುಪಾಲು ಪಶ್ಚಿಮ ಆಫ್ರಿಕಾದಿಂದ ಹೋದವರು. ನಮ್ಮ ಸಿದ್ದಿಗಳ ಹಿರಿಯರು ಬಾಂಟು ಭಾಷಿಕ ಸಮುದಾಯಗಳಿಂದ ಬಂದವರು, ಅವರಲ್ಲಿ ಭಾರತದ ಹಾಗೂ ಬಹುಶಃ ಯುರೋಪಿನ ಮಿಶ್ರಣವೂ ಇದೆ ಎಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿದೆ.

ಪೋರ್ಚುಗೀಸರು ಜನರನ್ನು ಹಿಡಿದು ಗೋವಾಕ್ಕೆ ತಂದ ತೀರಗಳಲ್ಲಿ ಮೊಜಾಂಬಿಕ್ ಒಂದು. ಆ ದೇಶಕ್ಕೆ ಒಲಿಂಪಿಕ್ಸ್ ಚಿನ್ನ ತಂದವಳು ಮರಿಯಾ ಮುಟೋಲಾ, 2000ದ ಸಿಡ್ನಿಯಲ್ಲಿ, 800 ಮೀಟರ್ ಓಟದಲ್ಲಿ. ಅವಳು ತವರಿನಲ್ಲೇ ಕುಳಿತು ರಕ್ತದ ಬಲದಿಂದ ಗೆಲ್ಲಲಿಲ್ಲ. 1991ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿ, ತರಬೇತಿ ತೆಗೆದುಕೊಂಡು, ಒಂಬತ್ತು ವರ್ಷದ ಮೇಲೆ ಗೆದ್ದಳು. ಜಮೈಕಾದಲ್ಲಾದರೂ 1910ರಿಂದ ಶಾಲಾ ಮಕ್ಕಳ ಓಟದ ಕೂಟವೊಂದು ನಡೆದುಕೊಂಡು ಬಂದಿದೆ. ಅದನ್ನು ನೋಡಲು ಕ್ರೀಡಾಂಗಣ ತುಂಬುತ್ತದೆ. ವೇಗವೆಲ್ಲ ರಕ್ತದಲ್ಲೇ ಇದ್ದಿದ್ದರೆ ಆ ಬಡ ದೇಶ ತರಬೇತುದಾರರನ್ನು ತಯಾರು ಮಾಡುವ ಕಾಲೇಜು ನಡೆಸುವ ಗೋಜಿಗೆ ಯಾಕೆ ಹೋಗುತ್ತಿತ್ತು?

ಮೂರನೆಯದು ನನಗೆ ತೀರಾ ಸಿಟ್ಟು ತರಿಸುವ ಮಾತು: ‘ನೌಕರಿ ಸಿಕ್ಕ ಕೂಡಲೇ ಓಟ ಬಿಟ್ಟರು.’ ಕ್ರೀಡಾ ಕೋಟಾದಲ್ಲಿ ಕೆಲವರಿಗೆ ನೌಕರಿ ಸಿಕ್ಕಿತು, ಹೋದರು. ಪಿ.ಟಿ. ಉಷಾ ರೈಲ್ವೆ ನೌಕರಿಯಲ್ಲಿದ್ದೇ ಓಡಿದರು. ನೀರಜ್ ಚೋಪ್ರಾ ಸೇನೆಯ ಸಂಬಳ ಪಡೆಯುತ್ತಲೇ ಚಿನ್ನ ಗೆದ್ದರು. ಅವರಿಗೆ ನೌಕರಿ ಅಂದರೆ ಗೌರವ, ಸಿದ್ದಿ ಹುಡುಗನಿಗಾದರೆ ದ್ರೋಹ! ಕಂಡವರ ತೋಟದಲ್ಲಿ ಕೂಲಿ ಮಾಡಿ, ಅರಣ್ಯದಂಚಿನ ಅತಿಕ್ರಮಣ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಮನೆಗೆ ತಿಂಗಳ ಸಂಬಳ ಮೊದಲ ಬಾರಿ ಬಂದಾಗ ಅದನ್ನು ಬೇಡ ಎನ್ನಲು ಯಾರಿಗೆ ಮನಸ್ಸಾದೀತು? ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದೇ 2003ರಲ್ಲಿ. ಯೋಜನೆ ನಡೆದ ಕಾಲದಲ್ಲಿ ಆ ಆಸರೆಯೂ ಇರಲಿಲ್ಲ. ನೌಕರಿ ಕೊಟ್ಟವರು ಅಭ್ಯಾಸಕ್ಕೆ ಸಮಯ, ತರಬೇತುದಾರ, ಮೈದಾನ ಮೂರನ್ನೂ ಕೊಟ್ಟಿದ್ದರೆ ಓಟ ನಿಲ್ಲುತ್ತಿರಲಿಲ್ಲ. ಹಾಗೆ ನೋಡಿದರೆ ಈ ನೌಕರಿಗಳೇ ಯೋಜನೆಯ ದೊಡ್ಡ ಗಳಿಕೆ ಎಂದು ನಾನು ವಾದಿಸಲೂ ಸಿದ್ಧ.

‘ಹಾಸ್ಟೆಲಿನಲ್ಲಿ ನಿಲ್ಲಲಿಲ್ಲ, ಶಿಸ್ತು ಇರಲಿಲ್ಲ’ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಮನೆಯ ಹನ್ನೆರಡರ ಮಗುವನ್ನು ಭಾಷೆ, ಊಟ ಎರಡೂ ಬೇರೆಯಾದ ಕಡೆ ವರ್ಷಗಟ್ಟಲೆ ಬಿಟ್ಟು ನೋಡಿ. ಅದೂ ಊರಿಗೆ ಒಂದು ಫೋನ್ ಸಹ ಇಲ್ಲದ ಕಾಲದಲ್ಲಿ.

ಇನ್ನು ಗಾಯದ ವಿಚಾರ. ‘ಸ್ವಲ್ಪ ಕಾಲು ನೋವು ಬಂದರೆ ಕೂತುಬಿಡುತ್ತಾರೆ, ಅಂಥವರನ್ನು ಪಟ್ಟಿಯಲ್ಲಿ ಯಾಕೆ ಇಟ್ಟುಕೊಳ್ಳಬೇಕು?’ ಇದು ಇವತ್ತಿನ ಆಯ್ಕೆಯಲ್ಲೂ ನಡೆಯುತ್ತಿರುವ ಅನ್ಯಾಯ. ನಮ್ಮ ಮಕ್ಕಳು ಹೇಗೆ ಆಯ್ಕೆಯಾಗುತ್ತಾರೆ ಎಂಬುದನ್ನು ಒಮ್ಮೆ ಹೋಗಿ ನೋಡಿ. ವಲಯ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ ನಡೆಯುತ್ತವೆ. ಘಟ್ಟದ ಮೇಲಿನ ಮಳೆ ಆಗಿನ್ನೂ ಬಿಟ್ಟಿರುವುದಿಲ್ಲ. ಪಿ.ಟಿ. ಮಾಸ್ತರು ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಹತ್ತು ಗಂಟೆಯ ಮಳೆಗೆ ಕಲಸಿಹೋಗಿರುತ್ತದೆ. ಕೆಸರಿನ ಮೇಲೆ ಮರದ ಹೊಟ್ಟು ಚೆಲ್ಲಿ ಮತ್ತೆ ಗೆರೆ ಎಳೆಯುತ್ತಾರೆ. ತಿರುವಿನಲ್ಲಿ ಬರಿಗಾಲಿನ ಹುಡುಗಿಯ ಹೆಬ್ಬೆರಳು ಮಣ್ಣಿನಲ್ಲಿ ಊರಿ, ಮೈಭಾರ ಒಂದು ಕಡೆ ವಾಲಿ, ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುತ್ತದೆ. ಅವಳು ಕುಂಟುತ್ತ ನಾಲ್ಕನೆಯವಳಾಗಿ ಬರುತ್ತಾಳೆ. ಮೊದಲ ಇಬ್ಬರಿಗಷ್ಟೇ ಮುಂದಿನ ಹಂತ. ಅವಳ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ. ಆ ಒಂದು ದಿನದ ಮಳೆ ಮತ್ತು ಆ ಒಂದು ತಿರುವು ಅವಳ ಇಡೀ ಕ್ರೀಡಾ ಜೀವನವನ್ನು ತೀರ್ಮಾನಿಸಿಬಿಡುತ್ತವೆ.

ದೊಡ್ಡವರ ವಿಷಯದಲ್ಲಿ ಹೀಗಾಗುವುದಿಲ್ಲ. ಉಸೇನ್ ಬೋಲ್ಟ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಾಲಿನ ಗಾಯದೊಂದಿಗೇ ಓಡಿ 200 ಮೀಟರಿನ ಮೊದಲ ಸುತ್ತಿನಲ್ಲೇ ಹೊರಬಿದ್ದ. ಆಗ ಅವನಿಗೆ ಹದಿನೆಂಟು. ಅವನ ದೇಶ ಅವನನ್ನು ಕೈಬಿಡಲಿಲ್ಲ. ನೀರಜ್‌ಗೆ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆಗಿ ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಚಿಕಿತ್ಸೆ, ವಿಶ್ರಾಂತಿ, ಮತ್ತೆ ಅಭ್ಯಾಸ ಎಲ್ಲವೂ ಆಗಿ 2020ರ ಜನವರಿಯಲ್ಲಿ ಮೈದಾನಕ್ಕೆ ಮರಳಿ ಒಲಿಂಪಿಕ್ಸ್ ಅರ್ಹತೆ ಗಳಿಸಿದರು. ಬರಿಗಾಲಲ್ಲಿ ಕೆಂಪು ಮಣ್ಣಿನ ಮೇಲೆ ಓಡಿ ಬೆಳೆದ ಮಗುವಿಗೆ ಏಕಾಏಕಿ ಸ್ಪೈಕ್ಸ್ ತೊಡಿಸಿ ಸಿಂಥೆಟಿಕ್ ಟ್ರ್ಯಾಕಿಗೆ ಇಳಿಸಿದರೆ ಮುಂಗಾಲ ಮೂಳೆ ನೋಯುವುದು ಸಹಜ. ಅದಕ್ಕೆ ಓಟ ಕಡಿಮೆ ಮಾಡಿಸಿ, ವಾರಗಟ್ಟಲೆ ಕಾಯಬೇಕು. ‘ನಾಟಕ ಮಾಡ್ತಾನೆ’ ಎಂದು ಗದರಿಸಿ ಪಟ್ಟಿಯಿಂದ ಹೆಸರು ಹೊಡೆದುಹಾಕುವುದು ಸುಲಭ. ತರಬೇತುದಾರನ ಕೆಲಸ ಅದಲ್ಲ.

ಕೊನೆಯ ಆಕ್ಷೇಪದಲ್ಲಿ ಮಾತ್ರ ತಿರುಳಿದೆ: ‘ಸಿದ್ದಿಗಳಿಗೆ ಮಾತ್ರ ಯಾಕೆ? ಸಿದ್ದಾಪುರದ ಹಳ್ಳಿಯ ಮಗು, ಮುಂಡಗೋಡದ ಗೌಳಿ ಮಗು, ಜೋಯಿಡಾದ ಕುಣಬಿ ಮಗು ಓಡುವುದಿಲ್ಲವೆ?’ ಓಡುತ್ತವೆ, ಚೆನ್ನಾಗಿಯೇ ಓಡುತ್ತವೆ. ಜಾತಿ ನೋಡಿ ವೇಗ ಊಹಿಸುವ ಕೆಲಸ 1987ರಲ್ಲಿ ಮಾಡಿದ್ದೇ ಸಾಕು. ಮುಂಡಗೋಡದಲ್ಲಿ ನಡೆಯುತ್ತಿರುವ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಸಂಸ್ಥೆಯ ಕೇಂದ್ರದಲ್ಲಿ ಸಿದ್ದಿ ಮಕ್ಕಳ ಜೊತೆ ಗೌಳಿ ಮಕ್ಕಳೂ ಅಭ್ಯಾಸ ಮಾಡುತ್ತಾರೆ. ಮಕ್ಕಳನ್ನು ದೂರದ ನಗರಕ್ಕೆ ಸಾಗಿಸುವ ಬದಲು ತರಬೇತಿಯನ್ನೇ ಊರ ಹತ್ತಿರ ತಂದಿರುವುದು ಹಳೆಯ ಯೋಜನೆ ಮಾಡದ ಕೆಲಸ. ಆದರೆ ‘ಎಲ್ಲರಿಗೂ ಕೊಡಿ’ ಎಂಬ ವಾದವನ್ನು ‘ಯಾರಿಗೂ ಬೇಡ’ ಎಂಬುದಕ್ಕೆ ಬಳಸುವವರ ಜೊತೆ ನಾನಿಲ್ಲ. ಶಾಲೆಗೆ ಹೋಗಲು ಕಾಡಿನ ದಾರಿಯಲ್ಲಿ ನಡೆಯಬೇಕಾದ ಕೇರಿಯ ಮಗುವಿಗೂ, ಶಿರಸಿಯ ಮಾರಿಕಾಂಬಾ ಕ್ರೀಡಾಂಗಣದ ಪಕ್ಕದ ಬೀದಿಯ ಮಗುವಿಗೂ ಒಂದೇ ಗೆರೆಯಿಂದ ಓಟ ಶುರುವಾಗುವುದಿಲ್ಲ.

ಆದ್ದರಿಂದ ಶಿರಸಿ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳಲ್ಲಿ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲಿ ನನ್ನ ಕೇಳಿಕೆ ಇಷ್ಟು. ಘಟ್ಟದ ಮೇಲಿನ ತಾಲ್ಲೂಕುಗಳ ಆಯ್ಕೆ ಓಟಗಳನ್ನು ದೀಪಾವಳಿ ಕಳೆದ ಮೇಲೆ ಇಡಿ. ಮೊದಲ ಇಬ್ಬರ ಜೊತೆಗೆ ನಾಲ್ಕನೆಯ, ಐದನೆಯ ಮಗುವಿನ ಹೆಸರನ್ನೂ ಬರೆದಿಟ್ಟು ಮೂರು ವರ್ಷ ಬೆನ್ನು ಹತ್ತಿ ನೋಡಿ. ಗಾಯಗೊಂಡ ಮಗುವಿನ ಹೆಸರು ಗುಣವಾಗುವ ತನಕ ಪಟ್ಟಿಯಲ್ಲಿರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಫಿಸಿಯೊಥೆರಪಿಸ್ಟ್ ಸಿಗುವಂತೆ ಮಾಡಿ. ಯೋಜನೆ ಶುರು ಮಾಡುವುದಾದರೆ ಹನ್ನೆರಡು ವರ್ಷದ ಹಣ ಮೊದಲೇ ತೆಗೆದಿಟ್ಟು ಶುರು ಮಾಡಿ, ಇಲ್ಲವಾದರೆ ಮಕ್ಕಳನ್ನು ಮನೆಯಿಂದ ಕರೆದೊಯ್ಯಲೇಬೇಡಿ.