ಪತ್ರ ಬರೆಯುವವರ ಕೈಯಲ್ಲಿ ಗಿರಾಕಿ: ಗಡಿ ತಾಲ್ಲೂಕುಗಳ ಕಾಲೇಜುಗಳಲ್ಲಿ ಇಂಗ್ಲಿಷ್ ಬರವಣಿಗೆ

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಪುರುಷರ ಉಡುಪುಗಳ ಪ್ರದರ್ಶನದಲ್ಲಿ ಪ್ರಾಡಾ ಸಂಸ್ಥೆಯು ಕೊಲ್ಹಾಪುರಿ ಚಪ್ಪಲಿಗಳನ್ನೇ ಹೋಲುವ ಪಾದರಕ್ಷೆಗಳನ್ನು, ಅವುಗಳ ಮೂಲವನ್ನು ಹೇಳದೆ ಪ್ರದರ್ಶಿಸಿತು. ದೇಶದಲ್ಲೆಲ್ಲ ಟೀಕೆ ಕೇಳಿಬಂದಿತು. ವಿಷಯವನ್ನು ಟೀಕೆಗಷ್ಟೇ ಬಿಡದೆ ಮಹಾರಾಷ್ಟ್ರ ವಾಣಿಜ್ಯ, ಕೈಗಾರಿಕೆ ಮತ್ತು ಕೃಷಿ ಸಂಸ್ಥೆಯ ಅಧ್ಯಕ್ಷ ಲಲಿತ ಗಾಂಧಿಯವರು ಪ್ರಾಡಾ ಆಡಳಿತ ಮಂಡಳಿಗೆ ಪತ್ರ ಬರೆದರು. ಅದಕ್ಕೆ ಲಿಖಿತ ಉತ್ತರ ಬಂದಿತು. ಭಾರತದ ಸಾಂಪ್ರದಾಯಿಕ ಕೈಕೆಲಸದ ಚಪ್ಪಲಿಯೇ ಪ್ರೇರಣೆ ಎಂದು ಸಂಸ್ಥೆಯು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಂ ಹಾಗೂ ಕರ್ನಾಟಕದ ಲಿಡ್ಕರ್ ನಿಗಮಗಳೊಡನೆ ಒಪ್ಪಂದವಾಗಿ, ಎರಡೂ ರಾಜ್ಯಗಳಲ್ಲಿ 2,000 ಜೋಡಿ ಚಪ್ಪಲಿ ತಯಾರಿಸಿ, ಜೋಡಿಗೆ ಸುಮಾರು 800 ಯುರೋ ದರದಲ್ಲಿ ಮಾರುವ ಯೋಜನೆ ಪ್ರಕಟವಾಯಿತು. ಒಂದು ಪತ್ರದಿಂದಲೇ ಇದೆಲ್ಲ ಆಯಿತೆಂದು ಹೇಳಲಾಗದು. ಆದರೂ ಕೂಗಾಟವು ಮಾತುಕತೆಯಾಗಿ ಮಾರ್ಪಡುವಲ್ಲಿ ಆ ಪತ್ರದ ಪಾಲು ದೊಡ್ಡದು.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಹಾಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ಬೆಳಗಾವಿ ಅವುಗಳಲ್ಲೊಂದು. ಅಥಣಿ ಮತ್ತು ನಿಪ್ಪಾಣಿಯ ಕುಶಲಕರ್ಮಿಗಳು ತಲೆಮಾರುಗಳಿಂದ ಇದೇ ಚಪ್ಪಲಿಯನ್ನು ಹೊಲಿಯುತ್ತ ಬಂದಿದ್ದಾರೆ. ಹಕ್ಕು ಎರಡೂ ಕಡೆಯವರದಾಗಿದ್ದರೂ ಹೆಸರಾದ ಪತ್ರ ಹೊರಟದ್ದು ಗಡಿಯ ಆಚೆಯಿಂದ. ನಾಳೆ ಅಂಥದೇ ಪತ್ರವೊಂದನ್ನು ಅಥಣಿಯಿಂದಲೋ ಚಿಕ್ಕೋಡಿಯಿಂದಲೋ ಬರೆಯಬೇಕಾಗಿ ಬಂದರೆ ಅದನ್ನು ಬರೆಯುವವರು ಯಾರು? ಪ್ರತಿ ವರ್ಷ ಈ ಭಾಗದ ಕಾಲೇಜುಗಳಿಂದ ಹೊರಬರುವ ನೂರಾರು ಪದವೀಧರರಲ್ಲಿ ಆ ಕೆಲಸಕ್ಕೆ ಧೈರ್ಯವಾಗಿ ಕೈಹಾಕುವವರು ಎಷ್ಟು ಮಂದಿ? ಇದು ಶಿಕ್ಷಣ ಇಲಾಖೆಯೊಂದೇ ಯೋಚಿಸಬೇಕಾದ ಪ್ರಶ್ನೆಯಲ್ಲ. ವ್ಯಾಪಾರ ಉದ್ದಿಮೆಗಳ ಲಾಭ ನಷ್ಟಕ್ಕೆ ನೇರವಾಗಿ ತಗಲುವ ಪ್ರಶ್ನೆ.

ಮೂರನೆಯ ಭಾಷೆಯಲ್ಲಿ ಮೊದಲ ಬರವಣಿಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ವಿದ್ಯಾರ್ಥಿಯ ಭಾಷಾ ಪರಿಸ್ಥಿತಿ ವಿಶಿಷ್ಟವಾದುದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಇಲ್ಲವೆ ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ. ಇವುಗಳ ಮೇಲೆ ಹಿಂದಿ. ಇಂಗ್ಲಿಷ್ ಬರುವುದು ಮೂರನೆಯ ಅಥವಾ ನಾಲ್ಕನೆಯ ಭಾಷೆಯಾಗಿ. ನಿಪ್ಪಾಣಿಯ ಒಂದೇ ಓಣಿಯ ಇಬ್ಬರು ಗೆಳೆಯರಲ್ಲಿ ಒಬ್ಬನು ಜಿ. ಐ. ಬಾಗೇವಾಡಿ ಕಾಲೇಜಿಗೆ ಸೇರಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪದವಿ ಪಡೆದರೆ, ಇನ್ನೊಬ್ಬನು ಊರಿಗೆ ಹೊಂದಿಕೊಂಡೇ ಮಹಾರಾಷ್ಟ್ರದ ನೆಲದಲ್ಲಿರುವ ಅರ್ಜುನನಗರದ ದೇವಚಂದ ಕಾಲೇಜಿಗೆ ಸೇರಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪದವಿ ಪಡೆಯುತ್ತಾನೆ. ಪದವಿ ಯಾವುದಾದರೂ ಇಬ್ಬರ ತೊಡಕು ಒಂದೇ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಹೀಗೆ ಹನ್ನೆರಡು ವರ್ಷ ಇಂಗ್ಲಿಷ್ ಓದಿದವರೇ ಈಗ ಪದವಿ ತರಗತಿಗೆ ಬರುತ್ತಿದ್ದಾರೆ. ಆದರೆ ಓದಿದ್ದು ಬೇರೆ, ಬರೆದದ್ದು ಬೇರೆ. ಫಲಕದ ಮೇಲಿನ ಉತ್ತರವನ್ನು ಇಳಿಸಿಕೊಳ್ಳುವುದು, ಗೈಡಿನ ಉತ್ತರವನ್ನು ಕಂಠಪಾಠ ಮಾಡುವುದು, ಪರೀಕ್ಷೆಯಲ್ಲಿ ಅದನ್ನೇ ಮರಳಿ ಒಪ್ಪಿಸುವುದು. ಹೀಗೆ ಹತ್ತಾರು ವಹಿಗಳು ತುಂಬಿದ್ದರೂ ತನ್ನ ಮನಸ್ಸಿನ ಮಾತನ್ನು ತಾನೇ ಇಂಗ್ಲಿಷಿನಲ್ಲಿ ಒಂದು ಪುಟದಷ್ಟು ಬರೆದ ಅನುಭವ ಬಹಳ ಮಂದಿಗೆ ಇರುವುದಿಲ್ಲ. ಕಾಲೇಜಿನ ಇಂಗ್ಲಿಷ್ ಪತ್ರಿಕೆಯಲ್ಲಿಯೂ ಪಠ್ಯದ ಸಾರಾಂಶ, ಟಿಪ್ಪಣಿ, ವ್ಯಾಕರಣಗಳಿಗೆ ಸಾಮಾನ್ಯವಾಗಿ ಹೆಚ್ಚಿನ ಸ್ಥಾನವಿದ್ದು, ಪತ್ರಲೇಖನವು ಕೊನೆಯ ಪ್ರಶ್ನೆಯಾಗಿ ಉಳಿಯುತ್ತದೆ. ತುಂಬಿದ ತರಗತಿಯಲ್ಲಿ ಪ್ರತಿಯೊಬ್ಬನ ಬರಹವನ್ನು ಓದಿ, ತಿದ್ದಿ, ಮರಳಿ ಬರೆಸಲು ಅಧ್ಯಾಪಕರಿಗೂ ಸಮಯ ಸಾಲದು. ಇದು ಯಾವುದೇ ಒಂದು ಕಾಲೇಜಿನ ದೋಷವಲ್ಲ. ವ್ಯವಸ್ಥೆಯೇ ಹಾಗೆ ಬೆಳೆದು ಬಂದಿದೆ.

ತಪ್ಪಿಗೂ ಒಂದು ತರ್ಕವಿದೆ

ಇಂಗ್ಲಿಷ್ ಬರೆಯುವಾಗ ಈ ಭಾಗದ ವಿದ್ಯಾರ್ಥಿ ಮಾಡುವ ತಪ್ಪುಗಳನ್ನು ದಡ್ಡತನವೆಂದು ತಳ್ಳಿಹಾಕುವುದು ಸರಿಯಲ್ಲ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಕನ್ನಡದಲ್ಲಿ "ಚೆಕ್ ಕಳುಹಿಸಿದ್ದೇವೆ" ಎಂದರೆ ಸಾಕು. ಇಂಗ್ಲಿಷಿನಲ್ಲಿ ಅದು ಯಾವುದೋ ಒಂದು ಚೆಕ್ಕೋ ಅಥವಾ ಮೊದಲೇ ಮಾತಾಗಿದ್ದ ಆ ಚೆಕ್ಕೋ ಎಂಬುದನ್ನು 'ಎ' ಅಥವಾ 'ದಿ' ಎಂಬ ಒಂದಕ್ಷರದ ಪದದಿಂದ ಹೇಳಲೇಬೇಕಾಗುತ್ತದೆ. ಆ ಸಣ್ಣ ಪದ ತಪ್ಪಿದರೆ ಓದುವ ಗಿರಾಕಿಗೆ ಬಾಕಿ ತೀರಿತೋ ಉಳಿಯಿತೋ ಎಂಬ ಸಂದೇಹ ಹುಟ್ಟುತ್ತದೆ.

ವಾಕ್ಯಕ್ಕಿಂತ ದೊಡ್ಡ ಅಂತರವಿರುವುದು ಪತ್ರದ ಕಟ್ಟಡದಲ್ಲಿ. ಉಭಯ ಕುಶಲೋಪರಿಯಿಂದ ಆರಂಭಿಸಿ, ಹಿಂದಿನ ಸಂಬಂಧವನ್ನು ನೆನೆದು, ನಡೆದ ಸಂಗತಿಯನ್ನು ಕ್ರಮವಾಗಿ ವಿವರಿಸಿ, ಕೊನೆಗೆ ವಿನಂತಿಯನ್ನು ಮುಂದಿಡುವುದು ಇಲ್ಲಿನ ಸಂಪ್ರದಾಯ. ಬಂದ ಮಾಲಿನಲ್ಲಿ ಹತ್ತು ಪೆಟ್ಟಿಗೆ ಒಡೆದಿದ್ದರೆ ಆ ಮಾತು ಬರುವುದು ಮೂರನೆಯ ಪರಿಚ್ಛೇದದಲ್ಲಿ. ಬದಲಿ ಮಾಲಿನ ಬೇಡಿಕೆ ಸಹಿಯ ಮೇಲಿನ ಸಾಲಿನಲ್ಲಿ. ವಿದೇಶದ ಖರೀದಿದಾರನು ಮೊದಲ ಎರಡು ಸಾಲುಗಳಲ್ಲಿಯೇ ಬೇಡಿಕೆಯನ್ನು ಹುಡುಕುತ್ತಾನೆ. ಕಾರಣ ಮತ್ತು ವಿವರ ಆಮೇಲೆ. ಇವೆರಡರಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದಲ್ಲ. ಇವು ಎರಡು ಶಿಷ್ಟಾಚಾರಗಳು. ಯಾರಿಗೆ ಬರೆಯುತ್ತಿದ್ದೇವೆಂಬುದನ್ನು ಅರಿತು ಒಂದರಿಂದ ಇನ್ನೊಂದಕ್ಕೆ ದಾಟುವುದೇ ಬರವಣಿಗೆಯ ವರ್ಗದಲ್ಲಿ ಕಲಿಯಬೇಕಾದ ಮುಖ್ಯ ಪಾಠ.

ಈ ಅನುಭವ ಇಲ್ಲಿಗಷ್ಟೇ ಸೀಮಿತವಲ್ಲ. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ 1970ರಲ್ಲಿ ಪ್ರವೇಶದ ನಿಯಮಗಳನ್ನು ಸಡಿಲಿಸಿದಾಗ, ಮನೆಯಲ್ಲಿ ಬೇರೆ ಭಾಷೆ ಆಡುವವರೂ ಸೇರಿದಂತೆ ಬರವಣಿಗೆಯ ರೂಢಿಯಿಲ್ಲದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಅಲ್ಲಿನ ಅಧ್ಯಾಪಕಿ ಮೀನಾ ಶಾನೆಸಿಯವರು ಅಂಥವರ ಸುಮಾರು 4,000 ಪ್ರಬಂಧಗಳನ್ನು ಪರಿಶೀಲಿಸಿ, 1977ರಲ್ಲಿ 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಶನ್ಸ್' ಎಂಬ ಗ್ರಂಥ ಪ್ರಕಟಿಸಿದರು. ಕಲಿಯುವವನ ತಪ್ಪುಗಳು ಯದ್ವಾತದ್ವಾ ಅಲ್ಲ, ಅವುಗಳಿಗೂ ಒಂದು ಕ್ರಮವಿದೆ, ಅದನ್ನು ತಿಳಿದ ಅಧ್ಯಾಪಕನು ತಿದ್ದಬಲ್ಲನು ಎಂಬುದು ಅವರ ಪ್ರತಿಪಾದನೆ. ಕೆಂಪು ಶಾಯಿಯಿಂದ ಗೆರೆ ಎಳೆದು ಅಂಕ ಕಡಿಯುವುದಕ್ಕಿಂತ ಈ ದಾರಿ ಫಲಕಾರಿಯಾದುದು.

ಬರವಣಿಗೆಯ ಬೆಲೆ

ಇದರಿಂದ ವ್ಯಾಪಾರಕ್ಕೆ ಏನು ಬಾಧೆ ಎಂದು ಕೇಳಬಹುದು. ಲೆಟರ್ ಆಫ್ ಕ್ರೆಡಿಟ್ ಮೂಲಕ ನಡೆಯುವ ರಫ್ತು ವ್ಯವಹಾರವನ್ನು ನೋಡಬೇಕು. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಗಳ ಪ್ರಕಾರ ಬ್ಯಾಂಕು ವ್ಯವಹರಿಸುವುದು ಕಾಗದಪತ್ರಗಳೊಡನೆ, ಮಾಲಿನೊಡನೆ ಅಲ್ಲ. ಪತ್ರಗಳು ಷರತ್ತಿಗೆ ಹೊಂದುತ್ತವೆಯೋ ಇಲ್ಲವೋ ಎಂದು ನಿರ್ಧರಿಸಲು ಅದಕ್ಕಿರುವ ಅವಧಿ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನಗಳು. ಕಳುಹಿಸಿದ ಒಣದ್ರಾಕ್ಷಿ ಅಥವಾ ಬೆಲ್ಲ ಎಷ್ಟೇ ಉತ್ತಮವಾಗಿರಲಿ, ಇನ್‌ವಾಯ್ಸಿನಲ್ಲಿ ಮಾಲಿನ ವಿವರಣೆ ಷರತ್ತಿನ ಮಾತುಗಳಿಗೆ ತಾಳೆಯಾಗದಿದ್ದರೆ ಹಣ ತಡೆಯಲ್ಪಡುತ್ತದೆ.

ತೆರಿಗೆಯ ವಿಷಯದಲ್ಲಿಯೂ ಹೀಗೆಯೇ. ಜಿಎಸ್‌ಟಿ ನೋಂದಣಿ ರದ್ದತಿಯ ಬಗ್ಗೆ ಆರ್‌ಇಜಿ-17 ನಮೂನೆಯ ನೋಟಿಸು ಬಂದರೆ ಉತ್ತರಿಸಲು ಇರುವುದು ಏಳು ಕೆಲಸದ ದಿನಗಳು. ರಿಟರ್ನುಗಳಲ್ಲಿ ವ್ಯತ್ಯಾಸವಿದೆಯೆಂದು ಎಎಸ್‌ಎಂಟಿ-10 ಬಂದರೆ ಸಾಮಾನ್ಯವಾಗಿ ಮೂವತ್ತು ದಿನಗಳು. ಅಂಕಿಗಳನ್ನು ಲೆಕ್ಕಪರಿಶೋಧಕರು ಕೊಡಬಲ್ಲರು. ಆ ತಿಂಗಳು ವ್ಯಾಪಾರದಲ್ಲಿ ನಡೆದದ್ದೇನು ಎಂಬುದನ್ನು ಬಲ್ಲವನು ಅಂಗಡಿಯ ಮಾಲೀಕನೇ. ಅವನ ಮಾತನ್ನು ಸ್ಪಷ್ಟವಾಗಿ ಬರೆದುಕೊಡುವವರಿಲ್ಲದೆ ನಿಜವಾದ ಕಾರಣವೂ ದುರ್ಬಲವಾಗಿ ಕಾಣುತ್ತದೆ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಅಥಣಿ ಕಾಗವಾಡಗಳ ಒಣದ್ರಾಕ್ಷಿ ತಾಸಗಾಂವ, ಸಾಂಗಲಿಯ ಪೇಟೆಗೆ ಹೋಗುತ್ತದೆ. ಚಪ್ಪಲಿ ಕೊಲ್ಹಾಪುರದ ಅಂಗಡಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ದೂರದ ಖರೀದಿದಾರನೊಡನೆ ಪತ್ರವ್ಯವಹಾರ ನಡೆಸುವವನು ಮಧ್ಯವರ್ತಿ. ಗಿರಾಕಿಯ ಹೆಸರು, ಅವನ ಅಭಿರುಚಿ, ಅವನು ಒಪ್ಪುವ ದರ, ಅವನ ದೂರು ಎಲ್ಲವೂ ಪತ್ರ ಬರೆಯುವವನ ಬಳಿ ಉಳಿಯುತ್ತವೆ. ಮಾಲು ತಯಾರಿಸಿದವನಿಗೆ ತಲುಪುವುದು ಆ ದಿನದ ದರ ಮಾತ್ರ. ಮಧ್ಯವರ್ತಿಯ ಸೇವೆಗೆ ಬೆಲೆಯಿದೆ, ನಿಜ. ಆದರೆ ಆ ಸೇವೆಯನ್ನು ಕೊಳ್ಳಬೇಕೋ ಬೇಡವೋ ಎಂದು ಆಯ್ದುಕೊಳ್ಳುವ ಸ್ವಾತಂತ್ರ್ಯ ಸ್ವತಃ ಬರೆಯಬಲ್ಲವನಿಗೆ ಮಾತ್ರ ಇರುತ್ತದೆ.

ಎರಡು ಆಕ್ಷೇಪಗಳು

ಈಗ ಮೊಬೈಲಿನಲ್ಲಿಯೇ ಕನ್ನಡದಲ್ಲಿ ಹೇಳಿದರೆ ಇಂಗ್ಲಿಷ್ ಪತ್ರ ಸಿದ್ಧವಾಗುತ್ತದೆ, ಕಲಿಯುವ ಗೋಜೇಕೆ ಎಂಬುದು ಮೊದಲನೆಯ ಆಕ್ಷೇಪ. ಈ ಸಾಧನಗಳಿಂದ ಉಪಯೋಗವಿದೆ. ಅವುಗಳನ್ನು ಬಳಸಬಾರದೆಂದು ಯಾರೂ ಹೇಳಲಾರರು. ಆದರೆ ಯಂತ್ರ ಬರೆದ ಪತ್ರದ ಕೆಳಗೆ ಸಹಿ ಮಾಡುವವನು ವ್ಯಾಪಾರಿ. ದರದಲ್ಲಿ ಸಾಗಣೆ ವೆಚ್ಚ ಸೇರಿದೆಯೋ ಇಲ್ಲವೋ, ತಡವಾದರೆ ದಂಡ ಕೊಡುತ್ತೇವೆಂದು ಪತ್ರ ಒಪ್ಪಿಕೊಂಡಿದೆಯೋ ಎಂಬುದನ್ನು ಓದಿ ತೂಗಿ ನೋಡಲಾರದವನು ಮಧ್ಯವರ್ತಿಯ ಬದಲು ಯಂತ್ರಕ್ಕೆ ಅಧೀನನಾದಂತಾಯಿತು. ತಾನೇ ಬರೆದು, ತಿದ್ದಿ, ಮತ್ತೆ ಬರೆದವನಿಗೆ ಮಾತ್ರ ಇನ್ನೊಬ್ಬರ ಬರಹದಲ್ಲಿರುವ ಕುಂದು ಕಾಣುತ್ತದೆ.

ಇಂಗ್ಲಿಷಿಗೆ ಇಷ್ಟು ಒತ್ತು ಕೊಟ್ಟರೆ ಕನ್ನಡದ ಗತಿಯೇನು ಎಂಬುದು ಎರಡನೆಯದು. ಗಡಿ ಭಾಗದಲ್ಲಿ ಈ ಕಳವಳ ಸಹಜ. 1963ರ ರಾಜಭಾಷಾ ಕಾಯ್ದೆಯಂತೆ ಕನ್ನಡವು ರಾಜ್ಯದ ಆಡಳಿತ ಭಾಷೆ. ರಾಜ್ಯದ ಕಚೇರಿಗಳೊಡನೆ ಕನ್ನಡದಲ್ಲಿಯೇ ವ್ಯವಹರಿಸುವ ಹಕ್ಕನ್ನು ವರ್ತಕರು ಬಿಟ್ಟುಕೊಡಬೇಕಾಗಿಲ್ಲ. ವಿಷಯವನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಹೊಂದಿಸಬಲ್ಲವನಿಗೆ ಇಂಗ್ಲಿಷ್ ಬರವಣಿಗೆಯೂ ಸುಲಭವಾಗುತ್ತದೆ. ಆದ್ದರಿಂದ ಬರವಣಿಗೆಯ ವರ್ಗದಲ್ಲಿ ಮೊದಲ ಕರಡನ್ನು ಕನ್ನಡದಲ್ಲಿ ಇಲ್ಲವೆ ಮರಾಠಿಯಲ್ಲಿ ಹಾಕಿಕೊಳ್ಳಲು ಅವಕಾಶವಿರಬೇಕು.

ಮೋಡಿಯಿಂದ ಕಲಿಯಬೇಕಾದ ಪಾಠ

ವ್ಯವಹಾರಕ್ಕಾಗಿ ಹೊಸ ಬರವಣಿಗೆಯನ್ನು ಕಲಿಯುವುದು ಈ ನೆಲಕ್ಕೆ ಹೊಸದಲ್ಲ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಇಲ್ಲಿನ ದಫ್ತರಗಳು ಮೋಡಿ ಲಿಪಿಯಲ್ಲಿದ್ದಾಗ ಕನ್ನಡ ಮನೆಮಾತಿನವರೂ ಅದನ್ನು ಕಲಿತರು. ಅಂಗಡಿಯಲ್ಲಾಗಲಿ ಕಚೇರಿಯಲ್ಲಾಗಲಿ ಕಲಿಕೆಯ ದಾರಿ ಒಂದೇ ಆಗಿತ್ತು: ನಿಜವಾದ ಪತ್ರವನ್ನು ನಕಲು ಮಾಡುವುದು, ಕರಡು ಹಾಕುವುದು, ಅನುಭವಿ ಗುಮಾಸ್ತನು ಹೊಡೆದುಹಾಕಿದ್ದನ್ನು ಮತ್ತೆ ಬರೆಯುವುದು. ಇಂದಿನ ಕಾಲೇಜುಗಳಲ್ಲಿ ಕೊರತೆಯಾಗಿರುವುದು ಇಂಥ ನಿಜವಾದ ಪತ್ರ ಮತ್ತು ಅದನ್ನು ಓದಿ ತಿದ್ದುವ ಹಿರಿಯ ಕಣ್ಣು. ಇವೆರಡೂ ವ್ಯಾಪಾರಸ್ಥರ ಬಳಿ ಇವೆ.

ಈ ನಿಟ್ಟಿನಲ್ಲಿ ಐದೂ ತಾಲ್ಲೂಕುಗಳ ವರ್ತಕರ ಸಂಘಗಳು ಸ್ಥಳೀಯ ಕಾಲೇಜುಗಳೊಡನೆ ಸೇರಿ ಕೆಲವು ಕ್ರಮಗಳನ್ನು ಕೈಗೊಳ್ಳಬಹುದಾಗಿದೆ. ಮೊದಲನೆಯದಾಗಿ, ಹೆಸರು ಮತ್ತು ದರಗಳನ್ನು ಅಳಿಸಿದ ಹಳೆಯ ಪತ್ರಗಳು, ಆರ್ಡರುಗಳು, ನೋಟಿಸುಗಳು, ದೂರುಗಳ ಒಂದು ಕಡತವನ್ನು ಕಾಲೇಜಿಗೆ ಕೊಡುವುದು. ಎರಡನೆಯದಾಗಿ, ಇಪ್ಪತ್ತಕ್ಕೆ ಮೀರದ ಗುಂಪಿಗೆ ವಾರಕ್ಕೊಂದು ತಾಸಿನ ಬರವಣಿಗೆ ವರ್ಗ ನಡೆಸಿ, ಪ್ರತಿ ಪತ್ರವನ್ನು ಮೂರು ಬಾರಿ ಬರೆಸುವುದು. ಅಧ್ಯಾಪಕರ ಹೆಚ್ಚಿನ ದುಡಿಮೆಗೆ ಸಂಘವೇ ಗೌರವಧನ ನೀಡುವುದು. ಮೂರನೆಯದಾಗಿ, ಕೊನೆಯ ಕರಡನ್ನು ಒಬ್ಬ ವ್ಯಾಪಾರಿ ಗಿರಾಕಿಯ ಸ್ಥಾನದಲ್ಲಿ ನಿಂತು ಓದಿ, ತನಗೆ ಅರ್ಥವಾದದ್ದೇನು ಎಂದು ವಿದ್ಯಾರ್ಥಿಗೆ ತಿಳಿಸುವುದು. ನಾಲ್ಕನೆಯದಾಗಿ, ಓದು ನಿಲ್ಲಿಸಿ ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಯುವಕ ಯುವತಿಯರಿಗೂ ಸಂಜೆಯ ವೇಳೆ ಇದೇ ವರ್ಗ ತೆರೆದಿರುವುದು.

ಇದಕ್ಕೆ ಕಟ್ಟಡ ಬೇಕಿಲ್ಲ, ಸರಕಾರದ ಆದೇಶವೂ ಬೇಕಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಆರಂಭವಾಗುವ ಮೊದಲೇ ಒಂದು ತಾಲ್ಲೂಕಿನ ಒಂದು ಕಾಲೇಜಿನಲ್ಲಿ ಒಂದು ಗುಂಪನ್ನು ಗೊತ್ತುಮಾಡಿಕೊಂಡರೂ ಸಾಕು. ತಯಾರಿಸುವ ಕೈ ಈ ಭಾಗದಲ್ಲಿದೆ, ಬೆಳೆಯುವ ನೆಲವೂ ಇದೆ. ಬರೆಯುವ ಕೈಯೂ ಇಲ್ಲಿಯೇ ಸಿದ್ಧವಾದರೆ ಗಿರಾಕಿಯ ವಿಳಾಸ ಇಲ್ಲಿನ ವಹಿಯಲ್ಲಿಯೇ ಉಳಿಯುತ್ತದೆ.